ನಿಮಗಿದು ಗೊತ್ತೇ? ಗೇರ್ ಬೀಳುತ್ತಿಲ್ಲವೇ? ಕಳ್ಳ ಗೇರ್ ಬಾಕ್ಸಿನ ಹೊರಗೇ ಇರಬಹುದು!

ಗೇರ್ ಬದಲಿಸಿದಾಗಲೆಲ್ಲ ಬೈಕಿನೊಳಗೆ ಹಲ್ಲಿನ ಚಕ್ರಗಳು ಬಂದು ಒಂದನ್ನೊಂದು ಕಚ್ಚಿಕೊಳ್ಳುತ್ತವೆ ಎಂದುಕೊಂಡಿದ್ದೀರಾ? ಇಲ್ಲವೇ ಇಲ್ಲ! ಅವು ಸದಾ ಕಚ್ಚಿಕೊಂಡೇ ಇರುತ್ತವೆ. ಐದು ಗೇರಿನ ಬೈಕಿನಲ್ಲಿ ಐದು ಜೋಡಿ, ಅಂದರೆ ಹತ್ತು ಚಕ್ರ. ಗಾಡಿ ಓಡುವಾಗ ಹತ್ತೂ ತಿರುಗುತ್ತವೆ. ಭಾರ ಹೊರುವುದು ಮಾತ್ರ ಒಂದೇ ಜೋಡಿ. ಉಳಿದ ನಾಲ್ಕು ಜೋಡಿ ಸುಮ್ಮನೆ ಸುತ್ತುತ್ತಿರುತ್ತವೆ!

ಹಾಗಾದರೆ ಗೇರ್ ಬೀಳುವುದು ಅಂದರೇನು? ಕೆಲವು ಚಕ್ರಗಳ ಪಕ್ಕದಲ್ಲಿ ಗಟ್ಟಿ ಗುಬುಟುಗಳಿವೆ. ಅವಕ್ಕೆ ‘ಡಾಗ್’ ಎಂದು ಹೆಸರು. ನೀವು ಲಿವರ್ ಒತ್ತಿದಾಗ ಒಂದು ಚಕ್ರ ಶಾಫ್ಟ್ ಮೇಲೆ ಪಕ್ಕಕ್ಕೆ ಜಾರುತ್ತದೆ. ಅದರ ಗುಬುಟು ಪಕ್ಕದ ಚಕ್ರದ ಗೂಡಿಗೆ ಹೊಕ್ಕು ಕೂರುತ್ತದೆ. ಅಷ್ಟೇ! ಕಾಲಿಗೆ ತಾಗುವ ಆ ‘ಟಕ್’ ಅನ್ನುವ ಅನುಭವ ಹಲ್ಲಿನದಲ್ಲ, ಈ ಗುಬುಟಿನದು.

ಈಗ ಒಂದು ಮಜಾ ನೋಡಿ. ಇಂಜಿನ್ ಆಫ್ ಮಾಡಿ, ನಿಂತಲ್ಲೇ ಗೇರ್ ಹಾಕಲು ಹೋಗಿ. ಎಷ್ಟೋ ಸಲ ಬೀಳುವುದೇ ಇಲ್ಲ! ಗೇರ್ ಬಾಕ್ಸ್ ಹೋಯಿತೇ? ಇಲ್ಲ. ಗುಬುಟಿಗೆ ಗುಬುಟು ಎದುರುಬದುರಾಗಿ ನಿಂತಿದೆ, ಗೂಡು ಸಿಗುತ್ತಿಲ್ಲ. ಗಾಡಿಯನ್ನು ಒಂದಡಿ ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತ ಲಿವರನ್ನು ಹಗುರಾಗಿ ಒತ್ತಿ. ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯುತ್ತದೆ!

ಈ ಪುಟ್ಟ ಉಪಾಯವೇ ರೋಗ ಪತ್ತೆಯ ಮೊದಲ ಪರೀಕ್ಷೆ ಎಂಬುದು ಗೊತ್ತೇ? ಇಂಜಿನ್ ಆಫ್ ಇದ್ದಾಗ, ಗಾಡಿ ಉರುಳಿಸುತ್ತ ಹಾಕಿದರೆ ಎಲ್ಲ ಗೇರೂ ಸಲೀಸಾಗಿ ಬೀಳುತ್ತವೆ. ಇಂಜಿನ್ ಓಡುವಾಗ ಮಾತ್ರ ಒದ್ದಾಟ. ಹಾಗಿದ್ದರೆ ಅನುಮಾನ ಮೊದಲು ಕ್ಲಚ್ ಮೇಲೆ! ಆಫ್ ಇದ್ದಾಗಲೂ ಬೀಳದಿದ್ದರೆ ಮಾತ್ರ ಲಿವರ್, ಶಾಫ್ಟ್, ಚಕ್ರಗಳನ್ನು ಪಕ್ಕಕ್ಕೆ ಸರಿಸುವ ಫೋರ್ಕ್‌ಗಳ ಕಡೆ ನೋಡಬೇಕು. ಒಂದು ಪಾನಾ ಕೂಡ ಮುಟ್ಟದೆ ಅರ್ಧ ಪತ್ತೇದಾರಿಕೆ ಮುಗಿಯಿತು!

ಕವಾಸಾಕಿಯ ಬಹಳಷ್ಟು ಬೈಕುಗಳು ಈ ಪರೀಕ್ಷೆಯಲ್ಲಿ ಒಳ್ಳೊಳ್ಳೆಯವರನ್ನೇ ಏಮಾರಿಸುತ್ತವೆ. ಗಾಡಿ ನಿಂತಿದ್ದಾಗ ಒಂದನೇ ಗೇರಿನಿಂದ ಎಷ್ಟು ಎತ್ತಿದರೂ ಎರಡನೇ ಗೇರ್ ಬೀಳುವುದಿಲ್ಲ. ನ್ಯೂಟ್ರಲ್‌ಗೆ ಬಂದು ನಿಲ್ಲುತ್ತದೆ. ಕೆಟ್ಟಿದೆಯೇ? ಬೇಕೆಂದೇ ಹಾಗೆ ಮಾಡಿದ್ದಾರೆ! ಒಂದು ಗೇರಿನ ಒಳಗೆ ಪುಟ್ಟ ಪುಟ್ಟ ಉಕ್ಕಿನ ಗುಂಡುಗಳಿವೆ. ಶಾಫ್ಟ್ ತಿರುಗುವಾಗ ಅವು ಹೊರಕ್ಕೆ ಸರಿದು ದಾರಿ ಬಿಡುತ್ತವೆ. ಶಾಫ್ಟ್ ನಿಂತೊಡನೆ ಮೇಲಿದ್ದ ಗುಂಡು ಕೆಳಗೆ ಜಾರಿ, ಎರಡನೇ ಗೇರಿಗೆ ಹೋಗುವ ದಾರಿಗೆ ಅಡ್ಡ ಬೀಳುತ್ತದೆ. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಹುಡುಕುವ ಪಾಡೇ ಇಲ್ಲ! ಕರೆಂಟಿಲ್ಲ, ಕಂಪ್ಯೂಟರಿಲ್ಲ, ಬರೀ ಗುಂಡು. ನನಗಂತೂ ಇಡೀ ಬೈಕ್ ಲೋಕದಲ್ಲೇ ಬಲು ಇಷ್ಟವಾದ ಜಾಣತನ ಇದು.

ಈ ಗುಂಡಿನ ಗುಟ್ಟು ಗೊತ್ತಿಲ್ಲದವರು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಎರಡನೇ ಗೇರ್ ಬೀಳುತ್ತಿಲ್ಲವೆಂದು ಇಂಜಿನ್ ಬಿಚ್ಚಲು ಹೊರಡುತ್ತಾರೆ. ಹಿಂದಿನ ಚಕ್ರವನ್ನು ಕೈಯಲ್ಲಿ ಜೋರಾಗಿ ತಿರುಗಿಸುತ್ತ ಗೇರ್ ಹಾಕಿದರೆ ಸಾಕಿತ್ತು!

ಬೆಳಿಗ್ಗೆ ಮೊದಲ ಸಲ ಒಂದನೇ ಗೇರ್ ಹಾಕಿದಾಗ ‘ಟಣ್’ ಎಂದು ಜೋರು ಸದ್ದು ಬಂದು ಗಾಡಿ ಮುಗ್ಗರಿಸುತ್ತದಲ್ಲ? ಅದು ಬಹುಮಟ್ಟಿಗೆ ರೋಗವಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕ್ಲಚ್ ಪ್ಲೇಟುಗಳು ಆಯಿಲ್‌ನಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನೀವು ಕ್ಲಚ್ ಹಿಡಿದರೂ ಅವು ಕೈ ಬಿಡುವುದಿಲ್ಲ! ಒದ್ದೆಯಾದ ಎರಡು ಗಾಜಿನ ಹಾಳೆಗಳನ್ನು ಬಿಡಿಸಲು ಹೋದಂತೆ.

ಹಳೆಯ ಬುಲೆಟ್ ಸವಾರರಿಗೆ ಇದಕ್ಕೆ ಮದ್ದು ಎಂದೋ ಗೊತ್ತಿತ್ತು. ಸ್ಟಾರ್ಟ್ ಮಾಡುವ ಮೊದಲು ಕ್ಲಚ್ ಹಿಡಿದು ಎರಡು ಸಲ ಕಿಕ್ಕರ್ ಒತ್ತುವುದು. ಅಂಟಿದ ಪ್ಲೇಟು ಬಿಡುತ್ತದೆ. ಆಮೇಲೆ ಗೇರ್ ಹಾಕಿದರೆ ಸದ್ದೇ ಇಲ್ಲ!

ಮಡಿಕೇರಿಯ ಜನವರಿ ಮುಂಜಾನೆಯಲ್ಲಿ ಗೇರ್ ಬಿಗಿ, ಬಿಸಿಲೇರಿದ ಮೇಲೆ ಸರಾಗ. ಕಾರಣ ಚಳಿಗೆ ಗಟ್ಟಿಯಾದ ಆಯಿಲ್. ಅಷ್ಟೇ, ಗಾಬರಿ ಬೇಡ.

ಆದರೆ ಇದರ ತಿರುಗುಮುರುಗು ಆದರೆ ಕಿವಿ ನೆಟ್ಟಗಾಗಲಿ! ಬೆಳಿಗ್ಗೆ ಸರಿಯಿದ್ದ ಗೇರ್ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತ ಮೇಲೆ ಕಲ್ಲಾಗುತ್ತದೆ. ನ್ಯೂಟ್ರಲ್ ಸಿಗುವುದೇ ಇಲ್ಲ. ಕ್ಲಚ್ ಕಾದು, ಪ್ಲೇಟುಗಳು ಪೂರ್ತಿ ಬೇರೆಯಾಗುತ್ತಿಲ್ಲ ಎಂಬುದರ ಸುಳಿವು ಅದು. ಕ್ಲಚ್ ಪೂರ್ತಿ ಹಿಡಿದು ಒಂದನೇ ಗೇರ್ ಹಾಕಿ ನೋಡಿ. ಗಾಡಿ ತಾನಾಗಿ ಮುಂದಕ್ಕೆ ಜಗ್ಗುತ್ತಿದೆಯೇ? ಕಳ್ಳ ಸಿಕ್ಕಿಬಿದ್ದ!

ಕ್ಲಚ್‌ಗೆ ಎರಡು ಕಾಯಿಲೆ, ಎರಡೂ ಒಂದಕ್ಕೊಂದು ಉಲ್ಟಾ ಎಂಬುದು ಗೊತ್ತೇ? ಒಂದು, ಹಿಡಿದರೂ ಬಿಡದಿರುವುದು. ಆಗ ಗೇರ್ ಬಿಗಿ. ಇನ್ನೊಂದು, ಬಿಟ್ಟರೂ ಹಿಡಿಯದಿರುವುದು. ಆಗ ಗೇರ್ ಚೆನ್ನಾಗೇ ಬೀಳುತ್ತದೆ, ಆದರೆ ಆಕ್ಸಿಲರೇಟರ್ ಕೊಟ್ಟರೆ ಇಂಜಿನ್ ಕಿರುಚುತ್ತದೆ, ಗಾಡಿ ಓಡುವುದಿಲ್ಲ. ಎರಡಕ್ಕೂ ಜನ ಹೇಳುವುದು ಒಂದೇ ಮಾತು: ಗೇರ್ ಸರಿ ಇಲ್ಲ!

ಈ ಎರಡು ಕಾಯಿಲೆಗಳ ನಡುವೆ ಇರುವ ಅಂತರ ಎಷ್ಟು ಗೊತ್ತೇ? ಹ್ಯಾಂಡಲ್‌ನ ಕ್ಲಚ್ ಲಿವರ್ ತುದಿಯಲ್ಲಿ ಬಹಳಷ್ಟು ಗಾಡಿಗಳಿಗೆ ಬರೀ 10ರಿಂದ 20 ಮಿಲಿಮೀಟರ್ ಸಡಿಲ ಇರಬೇಕು. ಸಡಿಲ ಜಾಸ್ತಿಯಾದರೆ ಮೊದಲ ಕಾಯಿಲೆ, ಕಡಿಮೆಯಾದರೆ ಎರಡನೆಯದು. ಕಿರುಬೆರಳಿನ ಅಗಲದಷ್ಟು ಜಾಗ. ಅದರ ಮೇಲೆ ಇಡೀ ಗೇರ್ ಬಾಕ್ಸಿನ ಮಾನ!

ಕ್ಲಚ್ ವೈರ್ ಒಂದೇ ತಂತಿಯಲ್ಲ, ಎಷ್ಟೋ ಸಣ್ಣ ಎಳೆಗಳ ಹೊಸೆದ ಹಗ್ಗ. ಅದು ಒಮ್ಮೆಲೇ ಕಡಿಯುವುದೂ ಇಲ್ಲ. ಲಿವರ್ ಹತ್ತಿರ, ಮಡಚುವ ಜಾಗದಲ್ಲಿ, ಎಳೆ ಎಳೆಯಾಗಿ ಕಡಿಯುತ್ತ ಬರುತ್ತದೆ. ಒಂದೊಂದು ಎಳೆ ಹೋದಾಗಲೂ ವೈರ್ ಚೂರು ಹಿಗ್ಗುತ್ತದೆ, ಗೇರ್ ಚೂರು ಬಿಗಿಯಾಗುತ್ತದೆ. ದಿನದಿಂದ ದಿನಕ್ಕೆ ಗೇರ್ ಗಟ್ಟಿಯಾಗುತ್ತಿದ್ದರೆ ರಬ್ಬರ್ ಸರಿಸಿ ಅಲ್ಲೊಮ್ಮೆ ಇಣುಕಿ. ಮುಳ್ಳಿನಂತೆ ಎದ್ದು ನಿಂತ ತಂತಿ ಕಂಡೀತು!

ಇನ್ನೊಂದು ಅಡಗುದಾಣ ಹೇಳಲೇ? ಕ್ಲಚ್ ಲಿವರ್ ಕೂರುವ ಬೋಲ್ಟಿನ ತೂತು. ವರ್ಷಗಟ್ಟಲೆ ಎಳೆದೆಳೆದು ದುಂಡಗಿದ್ದ ತೂತು ಮೊಟ್ಟೆಯಾಕಾರವಾಗುತ್ತದೆ. ನಿಮ್ಮ ಬೆರಳಿನ ಅರ್ಧ ಎಳೆತ ಅಲ್ಲೇ ಸೋರಿಹೋಗುತ್ತದೆ. ಹೊಸ ಪ್ಲೇಟ್ ಹಾಕಿಸಿದರೂ ಗೇರ್ ಸರಿಹೋಗದ ಎಷ್ಟೋ ಗಾಡಿಗಳ ರಹಸ್ಯ ಇದೇ!

ಕೆಲವು ದೊಡ್ಡ ಬೈಕುಗಳಲ್ಲಿ ವೈರೇ ಇಲ್ಲ. ಪೈಪಿನೊಳಗಿನ ಎಣ್ಣೆ ಕ್ಲಚ್ಚನ್ನು ಒತ್ತುತ್ತದೆ. ಆ ಎಣ್ಣೆಯಲ್ಲಿ ಒಂದು ಗಾಳಿಯ ಗುಳ್ಳೆ ಸೇರಿದರೆ ಸಾಕು, ನಿಮ್ಮ ಬಲವೆಲ್ಲ ಗುಳ್ಳೆಯನ್ನು ಅಮುಕುವುದರಲ್ಲೇ ಮುಗಿಯುತ್ತದೆ. ಗೇರ್ ಬೀಳದಿರುವುದಕ್ಕೆ ಕಾರಣ ಗಾಳಿ!

ಬಹಳಷ್ಟು ನಾಲ್ಕು ಸ್ಟ್ರೋಕ್ ಬೈಕುಗಳಲ್ಲಿ ಇಂಜಿನ್‌ಗೂ ಕ್ಲಚ್‌ಗೂ ಗೇರ್ ಬಾಕ್ಸಿಗೂ ಒಂದೇ ಆಯಿಲ್ ಎಂಬುದು ಗೊತ್ತೇ? ಪಿಸ್ಟನ್ನಿಗೆ ಜಾರಿಕೆ ಬೇಕು, ಕ್ಲಚ್ ಪ್ಲೇಟಿಗೆ ಹಿಡಿತ ಬೇಕು. ಎರಡನ್ನೂ ಒಂದೇ ಎಣ್ಣೆ ಕೊಡಬೇಕು! ಅದಕ್ಕಾಗಿಯೇ ಬೈಕ್ ಆಯಿಲ್ ಡಬ್ಬದ ಮೇಲೆ ಜಾಸೋ ಎಂಎ ಎಂಬ ಗುರುತು. ಎಂಬಿ ಎಂದಿದ್ದರೆ ಜಾರಿಕೆ ಹೆಚ್ಚು, ಒಣ ಕ್ಲಚ್ಚಿನ ಗೇರಿಲ್ಲದ ಸ್ಕೂಟರುಗಳಿಗೆ ಅದು ಸರಿ. ಸ್ಕೂಟರಿನ ಆಯಿಲ್ ಬೈಕಿಗೆ ಸುರಿದರೆ ಕ್ಲಚ್ ಜಾರತೊಡಗಬಹುದು. ತಪ್ಪು ಡಬ್ಬದ್ದು, ಬೈಗುಳ ಗೇರ್ ಬಾಕ್ಸಿಗೆ!

ಆಯಿಲನ್ನು ಗೇರ್ ಚಕ್ರಗಳು ಅರೆದು ತೆಳ್ಳಗೆ ಮಾಡುತ್ತವೆ! ನಿಜ. ಕಾದಾಗಲೂ ಆಯಿಲ್ ಮಂದವಾಗಿರಲೆಂದು ಅದರಲ್ಲಿ ಉದ್ದುದ್ದ ಎಳೆಯಂಥ ಪಾಲಿಮರ್ ಕಣಗಳನ್ನು ಬೆರೆಸಿರುತ್ತಾರೆ. ಗೇರಿನ ಹಲ್ಲುಗಳ ನಡುವೆ ಸಿಕ್ಕಿ ಅವು ತುಂಡು ತುಂಡಾಗುತ್ತವೆ. ಹಾಗಾಗಿಯೇ ಆಯಿಲ್ ಬದಲಿಸುವ ಹೊತ್ತು ಹತ್ತಿರ ಬಂತೆಂದು ಎಷ್ಟೋ ಸವಾರರಿಗೆ ಕಾಲೇ ಹೇಳುತ್ತದೆ: ಗೇರ್ ಒರಟಾಗುತ್ತದೆ. ಹೊಸ ಆಯಿಲ್ ಹಾಕಿದ ದಿನ ಅದೇ ಗೇರ್ ರೇಷ್ಮೆ!

ಇಂಜಿನ್ನಿನ ಐಡ್ಲಿಂಗ್ ಹೆಚ್ಚಿದ್ದರೂ ನ್ಯೂಟ್ರಲ್ ಸಿಗದು ಗೊತ್ತೇ? 100 ಸಿಸಿ ಗಾಡಿಗಳು ನಿಂತಲ್ಲಿ ನಿಮಿಷಕ್ಕೆ 1,400 ಸುತ್ತಿನ ಆಸುಪಾಸು ಓಡಿದರೆ ಸಾಕು. ಯಾರೋ ಸ್ಕ್ರೂ ತಿರುಗಿಸಿ ಏರಿಸಿಬಿಟ್ಟರೆ ಪ್ರತಿ ಗೇರಿಗೂ ಏಟು ಬಿದ್ದಂಥ ಸದ್ದು. ಕಾರ್ಬ್ಯುರೇಟರ್ ಸ್ಕ್ರೂ ಅರ್ಧ ಸುತ್ತು ಹಿಂದಕ್ಕೆ, ಗೇರ್ ಬಾಕ್ಸ್ ಗುಣವಾಯಿತು!

ಈಗ ಕಾಲಿನ ಹತ್ತಿರ ಬನ್ನಿ. ಗೇರ್ ಲಿವರ್ ಶಾಫ್ಟಿಗೆ ಕೂರುವ ಜಾಗದಲ್ಲಿ ಸಣ್ಣ ಸಣ್ಣ ಗೀರುಗಳಿವೆ, ಒಂದು ಬೋಲ್ಟು ಅದನ್ನು ಬಿಗಿಹಿಡಿದಿರುತ್ತದೆ. ಬೋಲ್ಟು ಸಡಿಲವಾಗಿ ಗೀರು ಸವೆದರೆ ಲಿವರ್ ಆಡುತ್ತದೆ, ಶಾಫ್ಟು ಆಡುವುದಿಲ್ಲ. ನೀವು ಒತ್ತಿದ್ದು ಒಳಗೆ ತಲುಪಲೇ ಇಲ್ಲ! ಲಿವರ್ ಕೈಯಲ್ಲಿ ಅಲ್ಲಾಡಿಸಿ ನೋಡಿದರೆ ಗೊತ್ತಾಗುತ್ತದೆ.

ಹೊಸ ದಪ್ಪ ಶೂ ಕೊಂಡ ಮಾರನೆಯ ದಿನ ಗೇರ್ ಕೆಟ್ಟಿತೇ? ಶೂ ಲಿವರ್ ಕೆಳಗೆ ತೂರುತ್ತಿಲ್ಲ, ಗೇರ್ ಅರ್ಧಕ್ಕೇ ನಿಲ್ಲುತ್ತಿದೆ. ಲಿವರನ್ನು ಒಂದು ಗೀರು ಮೇಲಕ್ಕೆ ಕೂರಿಸಿ. ಮುಗಿಯಿತು!

ಗಾಡಿ ಎಡಕ್ಕೆ ಬಿದ್ದಿತ್ತೇ? ಆಮೇಲೆಯೇ ಗೇರ್ ತೊಂದರೆ ಶುರುವಾಯಿತೇ? ಲಿವರ್ ಬಗ್ಗಿ ಕೇಸಿಂಗಿಗೆ ತಾಗುತ್ತಿರಬಹುದು, ಇಲ್ಲವೇ ಗೇರ್ ಶಾಫ್ಟೇ ಡೊಂಕಾಗಿರಬಹುದು. ಹೊರಗೆ ಒಂದು ಗೀರೂ ಕಾಣದೆ ಒಳಗೆ ಡೊಂಕಾಗಿರುವುದುಂಟು!

ಬೈಕಿನ ಲಿವರ್ ಪ್ರತಿ ಸಲವೂ ಒತ್ತಿದ ಮೇಲೆ ಮತ್ತೆ ನಡುವಿಗೇ ಬಂದು ನಿಲ್ಲುತ್ತದಲ್ಲ? ಅದು ಮೊದಲಿನಿಂದ ಹಾಗಿರಲಿಲ್ಲ! ಹಿಂದೆಲ್ಲ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಕೈಗೇರ್ ಇರುತ್ತಿತ್ತು. ಒಂದು ಕೈ ಹ್ಯಾಂಡಲ್ ಬಿಟ್ಟು ಗೇರ್ ಹಾಕಬೇಕು! 1920ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ವೆಲೋಸೆಟ್ ಕಂಪನಿಯ ಹೆರಾಲ್ಡ್ ವಿಲ್ಲಿಸ್ ಎಂಬ ಇಂಜಿನಿಯರ್, ತಾನೂ ರೇಸ್ ಓಡಿಸುತ್ತಿದ್ದವನು, ಒಂದು ಒತ್ತಿಗೆ ಒಂದೇ ಗೇರ್ ಬದಲಾಗಿ ಲಿವರ್ ಮರಳಿ ನಡುವಿಗೆ ಬರುವ ಕಾಲ್ಗೇರನ್ನು ರೂಪಿಸಿದ. ಸುಮಾರು ನೂರು ವರ್ಷ ಕಳೆದರೂ ನಿಮ್ಮ ಕಾಲು ಒತ್ತುವುದು ಅದನ್ನೇ!

ಆ ‘ಮರಳಿ ನಡುವಿಗೆ’ ಬರಿಸುವುದು ಹೆಬ್ಬೆರಳಿನ ಗಾತ್ರದ ಒಂದು ಸ್ಪ್ರಿಂಗು. ಅದು ಮುರಿದರೆ ಲಿವರ್ ಜೀವ ಬಿಟ್ಟಂತೆ ಜೋತು ಬೀಳುತ್ತದೆ. ಒಂದು ಗೇರ್ ಬೀಳುತ್ತದೆ, ಮುಂದಿನದಕ್ಕೆ ಲಿವರನ್ನು ಕಾಲಿನಿಂದಲೇ ನಡುವಿಗೆ ತಂದು ಮತ್ತೆ ಒತ್ತಬೇಕು. ಇಡೀ ಗೇರ್ ಬಾಕ್ಸ್ ಹೋಯಿತೆಂದು ಎದೆ ಧಸಕ್ಕೆಂದಿರುತ್ತದೆ. ಬಹಳಷ್ಟು ಗಾಡಿಗಳಲ್ಲಿ ಇದು ಸಿಗುವುದು ಕ್ಲಚ್ ಕವರ್ ಬಿಚ್ಚಿದಾಗಲೇ, ಇಂಜಿನ್ ಪೂರ್ತಿ ಬಿಚ್ಚಬೇಕಿಲ್ಲ!

ಗೇರ್ ಏರುತ್ತದೆ, ಇಳಿಯುವುದಿಲ್ಲ. ಅಥವಾ ಇಳಿಯುತ್ತದೆ, ಏರುವುದಿಲ್ಲ. ವಿಚಿತ್ರ ಅಲ್ಲವೇ? ಲಿವರಿನ ನಡು ಜಾಗ ಕೂದಲೆಳೆಯಷ್ಟು ಆಚೀಚೆ ಸರಿದರೆ ಹೀಗಾಗುತ್ತದೆ. ಒಳಗೆ ಗೇರ್ ಬದಲಿಸುವ ಕೊಕ್ಕೆ ಒಂದು ಕಡೆಗೆ ಎಟುಕುತ್ತದೆ, ಇನ್ನೊಂದು ಕಡೆಗೆ ಎಟುಕದು. ಕೆಲವು ಹಳೆಯ ಗಾಡಿಗಳಲ್ಲಿ ಇದನ್ನು ಸರಿಮಾಡಲೆಂದೇ ಒಂದು ಓರೆ ತಲೆಯ ಸ್ಕ್ರೂ ಇದೆ!

ಬುಲೆಟ್‌ನ ಗೇರ್ ಬಲಗಾಲಿಗೆ ಏಕಿತ್ತು ಎಂದು ಯೋಚಿಸಿದ್ದೀರಾ? ಬ್ರಿಟಿಷ್ ಬೈಕುಗಳ ರೂಢಿಯೇ ಅದು. ಬಲಕ್ಕೆ ಗೇರ್, ಎಡಕ್ಕೆ ಬ್ರೇಕ್. 1974ರ ಸೆಪ್ಟೆಂಬರಿನಿಂದ ಅಮೆರಿಕ ತನ್ನ ಹೊಸ ಬೈಕುಗಳಿಗೆಲ್ಲ ಗೇರ್ ಎಡಗಾಲಿಗೇ ಇರಬೇಕೆಂದು ಕಟ್ಟಳೆ ಮಾಡಿತು. ಕಂಪನಿಗಳೆಲ್ಲ ಆ ದಾರಿ ಹಿಡಿದವು. ನಮ್ಮ ಬುಲೆಟ್ ಮಾತ್ರ ಆಮೇಲೂ ವರ್ಷಗಟ್ಟಲೆ ಬಲಗಾಲಲ್ಲೇ ಗೇರ್ ಇಟ್ಟುಕೊಂಡಿತ್ತು. ಅದೂ ಒಂದು ಮೇಲೆ, ಮೂರು ಕೆಳಗೆ! ಬೇರೆ ಗಾಡಿಯಿಂದ ಇಳಿದು ಬುಲೆಟ್ ಹತ್ತಿದವರು ಬ್ರೇಕೆಂದು ಗೇರ್ ಒತ್ತುತ್ತಿದ್ದರು.

ಆ ಬುಲೆಟ್‌ನಲ್ಲೇ ಇನ್ನೊಂದು ಸೋಜಿಗ ಇತ್ತು. ಗೇರ್ ಲಿವರಿನ ಪಕ್ಕದಲ್ಲಿ ಒಂದು ಪುಟ್ಟ ಲಿವರ್. ಎರಡು, ಮೂರು, ನಾಲ್ಕು, ಯಾವ ಗೇರಿನಲ್ಲಿದ್ದರೂ ಸರಿ, ಕ್ಲಚ್ ಹಿಡಿದು ಹಿಮ್ಮಡಿಯಿಂದ ಅದನ್ನೊಮ್ಮೆ ಒತ್ತಿದರೆ ನೇರ ನ್ಯೂಟ್ರಲ್! ಒಂದೊಂದೇ ಗೇರ್ ಇಳಿಸುವ ಗೋಜೇ ಇಲ್ಲ.

ಈಗ ಮೈಸೂರಿಗೆ ಬನ್ನಿ! ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಬೈಕುಗಳು ಹೊರಬರತೊಡಗಿದವು. ಮುಂದೆ ಅವು ಯೆಜ್ಡಿ ಆದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಬೈಕಿನಲ್ಲಿ ಗೇರ್ ಲಿವರ್ ಎಲ್ಲಿ, ಕಿಕ್ಕರ್ ಎಲ್ಲಿ? ಎರಡೂ ಒಂದೇ! ಎಡಗಡೆಯ ಗೇರ್ ಲಿವರನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಒದ್ದು ಸ್ಟಾರ್ಟ್ ಮಾಡಿ, ಮತ್ತೆ ಕೆಳಗಿಳಿಸಿದರೆ ಅದೇ ಗೇರ್. ಮೊದಲ ಸಲ ಕಂಡವರು ಕಿಕ್ಕರ್ ಹುಡುಕುತ್ತ ಗಾಡಿಗೆ ಒಂದು ಸುತ್ತು ಹಾಕುವುದುಂಟು!

ಅಷ್ಟೇ ಅಲ್ಲ. ಆ ಗಾಡಿಗಳಲ್ಲಿ ಕೈಯಿಂದ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದಿತ್ತು. ಗೇರ್ ಲಿವರ್ ಒತ್ತಿದಾಗ ಒಳಗಿನ ಒಂದು ಏರ್ಪಾಡು ಮೊದಲು ಕ್ಲಚ್ಚನ್ನು ಬಿಡಿಸಿ, ಆಮೇಲೆ ಗೇರ್ ಬದಲಿಸುತ್ತಿತ್ತು! ಹಾಗಾಗಿ ಯೆಜ್ಡಿಯ ಗೇರ್ ತೊಂದರೆ ಪತ್ತೆಹಚ್ಚುವವರಿಗೆ ಒಂದು ವಿಶೇಷ ಪರೀಕ್ಷೆ ಸಿಕ್ಕಿತು. ಕೈಕ್ಲಚ್‌ನಲ್ಲಿ ಗೇರ್ ಸರಾಗ, ಕಾಲಿನಿಂದ ಮಾತ್ರ ಹಾಕಿದರೆ ಒರಟು ಎಂದರೆ ಗೇರ್ ಚಕ್ರಗಳು ಕ್ಷೇಮ, ಈ ಬಿಡಿಸುವ ಏರ್ಪಾಡಿನ ಅಡ್ಜಸ್ಟ್‌ಮೆಂಟ್ ತಪ್ಪಿದೆ. ಒಂದೇ ಗಾಡಿಯಲ್ಲಿ ಎರಡು ಸಾಕ್ಷಿ! ಮೈಸೂರಿನ ಗಲ್ಲಿಗಳಲ್ಲಿ ಇವತ್ತಿಗೂ ಓಡುತ್ತಿರುವ ಈ ಗಾಡಿಗಳನ್ನು ಕಂಡರೆ ನನಗೆ ಹೆಮ್ಮೆಯಾಗುತ್ತದೆ.

ಜಪಾನಿನಲ್ಲೂ ಇಂಥದೇ ಉಪಾಯ ಮಾಡಿದವರಿದ್ದಾರೆ. 1958ರಲ್ಲಿ ಬಂದ ಹೋಂಡಾ ಸೂಪರ್ ಕಬ್‌ಗೆ ಕ್ಲಚ್ ಲಿವರೇ ಇಲ್ಲ. ಕಾಲು ಗೇರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತದೆ. 2017ರ ಹೊತ್ತಿಗೆ ಹತ್ತು ಕೋಟಿ ಗಾಡಿ ತಯಾರಾಗಿದ್ದವು. ಹತ್ತು ಕೋಟಿ!

ಕಾರಿನಲ್ಲಿ ನಾಲ್ಕರಿಂದ ನೇರ ಎರಡಕ್ಕೆ ಹೋಗಬಹುದು, ಬೈಕಿನಲ್ಲಿ ಆಗದು. ಏಕೆ ಗೊತ್ತೇ? ಬೈಕಿನೊಳಗೆ ಲಟ್ಟಣಿಗೆಯಂಥ ಒಂದು ಡ್ರಮ್ ಇದೆ. ಅದರ ಮೈಮೇಲೆ ಅಂಕುಡೊಂಕು ಕಾಲುವೆಗಳು. ಆ ಕಾಲುವೆಗಳಲ್ಲಿ ಫೋರ್ಕ್‌ಗಳ ಕಾಲುಗಳು ಜಾರುತ್ತವೆ. ಡ್ರಮ್ ಒಂದು ಹೆಜ್ಜೆ ತಿರುಗಿದರೆ ಒಂದು ಗೇರ್. ಹೆಜ್ಜೆ ಹಾರಿಸುವಂತಿಲ್ಲ! ಆರು ಗೇರಿನ ಬೈಕುಗಳಲ್ಲಿ ಸಾಮಾನ್ಯವಾಗಿ ಒಂದು ಹೆಜ್ಜೆ ಅಂದರೆ 60 ಡಿಗ್ರಿ, ಆರು ಹೆಜ್ಜೆಗೆ ಒಂದು ಸುತ್ತು.

ನ್ಯೂಟ್ರಲ್ ಎಲ್ಲಿ ಹೋಯಿತು ಹಾಗಾದರೆ? ಅದು ಒಂದಕ್ಕೂ ಎರಡಕ್ಕೂ ನಡುವೆ ಅರ್ಧ ಹೆಜ್ಜೆಯಲ್ಲಿ ಅಡಗಿದೆ! ಡ್ರಮ್ ತುದಿಯ ನಕ್ಷತ್ರದಂಥ ತಟ್ಟೆಯಲ್ಲಿ ಗೇರುಗಳಿಗೆಲ್ಲ ಆಳವಾದ ಹಳ್ಳ, ನ್ಯೂಟ್ರಲ್‌ಗೆ ಮಾತ್ರ ಚೂರೇ ಚೂರು ತಗ್ಗು. ಒಂದು ಸ್ಪ್ರಿಂಗಿನ ರೋಲರ್ ಆ ಹಳ್ಳಗಳಲ್ಲಿ ಕೂರುತ್ತದೆ. ಸ್ಪ್ರಿಂಗ್ ಸೊರಗಿದರೆ ತಗ್ಗಿನಲ್ಲಿ ಕೂರದೆ ಜಾರಿಹೋಗುತ್ತದೆ. ನೀವು ಸಿಗ್ನಲ್‌ನಲ್ಲಿ ಒಂದು, ಎರಡು, ಒಂದು, ಎರಡು ಎಂದು ಒದ್ದಾಡುತ್ತೀರಿ!

ನ್ಯೂಟ್ರಲ್ ಅಲ್ಲದ ನ್ಯೂಟ್ರಲ್ ಕೂಡ ಇದೆ! ಎರಡು ಗೇರುಗಳ ನಡುವೆ ಎಲ್ಲೂ ಕೂರದೆ ಸಿಕ್ಕಿಕೊಳ್ಳುವುದು. ಫಾಲ್ಸ್ ನ್ಯೂಟ್ರಲ್ ಎನ್ನುತ್ತಾರೆ. ಪತ್ತೆ ಬಲು ಸುಲಭ. ಇಂಜಿನ್ ಸುಮ್ಮನೆ ಕಿರುಚುತ್ತದೆ, ಆದರೆ ಮೀಟರಿನ ಹಸಿರು ದೀಪ ಹತ್ತುವುದಿಲ್ಲ. ಡ್ರಮ್ ನಿಜವಾದ ನ್ಯೂಟ್ರಲ್ ಜಾಗಕ್ಕೆ ಬಂದರೇನೇ ಆ ದೀಪ ಹತ್ತುವುದು. ದೀಪಕ್ಕೆ ಸುಳ್ಳು ಹೇಳಲಾಗದು!

ಗೇರ್ ತಾನಾಗಿ ಹಾರಿ ಹೊರಬರುತ್ತಿದೆಯೇ? ಈಗ ನಿಜಕ್ಕೂ ಒಳಗಿನ ಮಾತು. ಒಳ್ಳೆಯ ಗುಬುಟುಗಳ ಅಂಚು ನೇರವಾಗಿರುವುದಿಲ್ಲ. ಬುಡದ ಕಡೆ ಕೆಲವೇ ಡಿಗ್ರಿ ಒಳಕ್ಕೆ ಕೊರೆದಿರುತ್ತಾರೆ, ಪಾರಿವಾಳದ ಬಾಲದ ಹಾಗೆ. ಇಂಜಿನ್ ಎಳೆದಷ್ಟೂ ಅವು ಒಂದನ್ನೊಂದು ಇನ್ನೂ ಒಳಕ್ಕೆ ಸೆಳೆದುಕೊಳ್ಳುತ್ತವೆ! ಸವೆದು ಅಂಚು ದುಂಡಾದರೆ ಅದೇ ಎಳೆತ ಅವನ್ನು ಹೊರಕ್ಕೆ ನೂಕುತ್ತದೆ. ಕೂಡಿಸುತ್ತಿದ್ದ ಬಲವೇ ಅಗಲಿಸುತ್ತದೆ!

ಗುಬುಟಿಗೆ ಎರಡು ಮುಖ. ಗಾಡಿ ಎಳೆಯುವಾಗ ಒಂದು ಮುಖದ ಮೇಲೆ ಭಾರ, ಆಕ್ಸಿಲರೇಟರ್ ಬಿಟ್ಟು ಇಳಿಜಾರಿನಲ್ಲಿ ಇಳಿಯುವಾಗ ಇನ್ನೊಂದರ ಮೇಲೆ. ಈಗ ನೀವೇ ಪತ್ತೇದಾರರು. ಆಗುಂಬೆ ಘಾಟಿ ಹತ್ತುವಾಗ ಗೇರ್ ಹಾರುತ್ತಿದೆಯೇ, ಇಳಿಯುವಾಗಲೇ? ಹತ್ತುವಾಗಾದರೆ ಎಳೆಯುವ ಮುಖ ಸವೆದಿದೆ, ಇಳಿಯುವಾಗಾದರೆ ತಡೆಯುವ ಮುಖ. ಇಂಜಿನ್ ಬಿಚ್ಚದೆಯೇ ಸವೆದ ಮುಖದ ಗುರುತು ಸಿಕ್ಕಿತು!

ಇದಕ್ಕಿಂತ ಸೊಗಸಾದದ್ದು ಇನ್ನೊಂದಿದೆ. ಒಂದು ಫೋರ್ಕ್ ಸಾಮಾನ್ಯವಾಗಿ ಎರಡು ಗೇರುಗಳನ್ನು ನೋಡಿಕೊಳ್ಳುತ್ತದೆ. ಬಲಕ್ಕೆ ಸರಿದರೆ ಒಂದು, ಎಡಕ್ಕೆ ಸರಿದರೆ ಇನ್ನೊಂದು. ಒಂದೇ ಒಂದು ಗೇರ್ ಹಾರುತ್ತಿದ್ದರೆ ಆ ಗೇರಿನ ಗುಬುಟು ಸವೆದಿರುವ ಸಂಭವ ಹೆಚ್ಚು. ಒಂದೇ ಫೋರ್ಕಿನ ಎರಡು ಗೇರುಗಳೂ ಕೈಕೊಡುತ್ತಿದ್ದರೆ? ಅನುಮಾನ ಫೋರ್ಕಿನ ಮೇಲೆ! ಯಾವ ಫೋರ್ಕ್ ಎಂದು ಬಿಚ್ಚುವ ಮೊದಲೇ ಹೆಸರು ಹೇಳಬಹುದು.

ಹಾರುವ ಗೇರುಗಳಲ್ಲಿ ಎರಡನೆಯದಕ್ಕೇ ಹೆಚ್ಚು ಅಪವಾದ ಗೊತ್ತೇ? ಒಂದರಿಂದ ಎರಡಕ್ಕೆ ಹೋಗುವ ದಾರಿಯಲ್ಲೇ ನ್ಯೂಟ್ರಲ್ ಇದೆ, ವೇಗದ ಅಂತರವೂ ದೊಡ್ಡದು. ಅರೆಮನಸ್ಸಿನಿಂದ ಒತ್ತಿದರೆ ಗುಬುಟಿನ ತುದಿ ಮಾತ್ರ ತಾಗಿ ಕರಕರ ಎನ್ನುತ್ತದೆ. ಪ್ರತಿ ‘ಕರ್’ಗೂ ಅಂಚು ಒಂದಿಷ್ಟು ಸವೆಯುತ್ತದೆ!

ಓಡಿಸುವಾಗ ಕಾಲನ್ನು ಲಿವರ್ ಮೇಲೇ ಇಟ್ಟುಕೊಳ್ಳುವ ಅಭ್ಯಾಸವೇ? ಒಳಗೆ ಫೋರ್ಕ್ ಸದಾ ತಿರುಗುವ ಗೇರಿಗೆ ಉಜ್ಜುತ್ತಿರುತ್ತದೆ. ಬಿಚ್ಚಿದಾಗ ಅಂಥ ಫೋರ್ಕಿನ ತುದಿ ಕಾದು ನೀಲಿಯಾಗಿರುತ್ತದೆ. ನಿಮ್ಮ ಕಾಲಿನ ಬರೀ ಭಾರಕ್ಕೆ ಉಕ್ಕು ನೀಲಿ!

ಹಳೆಯ ಬುಲೆಟ್‌ನ ನಾಲ್ಕನೇ ಗೇರಿನಲ್ಲಿ ಯಾವ ಹಲ್ಲೂ ಭಾರ ಹೊರುವುದಿಲ್ಲ ಎಂದರೆ ನಂಬುತ್ತೀರಾ? ಕ್ಲಚ್‌ನಿಂದ ಬಂದ ಬಲ ಹಾಗೇ ನೇರ ಚೈನಿಗೆ ಹೋಗುತ್ತದೆ. ಹಾಗಾಗಿ ಒಂದು, ಎರಡು, ಮೂರರಲ್ಲಿ ಗುಂಯ್‌ಗುಡುವ ಬುಲೆಟ್ ನಾಲ್ಕರಲ್ಲಿ ಮೌನವಾದರೆ ಅನುಮಾನ ಪಕ್ಕದ ಶಾಫ್ಟಿನ ಬುಷ್, ಹಲ್ಲುಗಳ ಮೇಲೆ! ನಾಲ್ಕರಲ್ಲೂ ಸದ್ದಿದ್ದರೆ ಬೇರೆ ಕಡೆ ಹುಡುಕಬೇಕು.

ಮೆಕ್ಯಾನಿಕ್‌ಗೂ ಸ್ಟೆತೊಸ್ಕೋಪ್ ಇದೆ! ಉದ್ದನೆಯ ಸ್ಕ್ರೂಡ್ರೈವರ್. ತುದಿ ಕೇಸಿಂಗ್ ಮೇಲೆ, ಹಿಡಿ ಕಿವಿಗೆ. ಬೇರಿಂಗ್ ಕೊರಗುವುದು ಕೇಳಿಸುತ್ತದೆ.

ರಕ್ತ ಪರೀಕ್ಷೆಯೂ ಉಂಟು. ಆಯಿಲ್ ಇಳಿಸುವ ಬೋಲ್ಟಿನಲ್ಲಿ ಕೆಲವು ಗಾಡಿಗಳಿಗೆ ಅಯಸ್ಕಾಂತ ಇರುತ್ತದೆ. ಅದಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಅದು ದಿನನಿತ್ಯದ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲೋ ಗುಬುಟೋ ಮುರಿದಿದೆ. ಆಯಿಲ್‌ನಲ್ಲಿ ಚಿನ್ನದಂಥ ಮಿನುಗು, ಅದೂ ಅಯಸ್ಕಾಂತಕ್ಕೆ ಅಂಟದ್ದು? ಕಂಚಿನ ಬುಷ್ ಸವೆಯುತ್ತಿದೆ!

ಕ್ಲಚ್ ಬುಟ್ಟಿಯ ಬೆರಳುಗಳ ಮೇಲೆ ಪ್ಲೇಟುಗಳು ಕಚ್ಚು ಮಾಡುತ್ತವೆ ಗೊತ್ತೇ? ಹೊಡೆದು ಹೊಡೆದು ಗರಗಸದಂತಾಗುತ್ತದೆ. ಆಮೇಲೆ ಪ್ಲೇಟು ಆ ಕಚ್ಚಿನಲ್ಲೇ ಸಿಕ್ಕಿಕೊಂಡು ಜಾರಲು ಒಲ್ಲೆ ಎನ್ನುತ್ತದೆ, ಹೊಸ ಪ್ಲೇಟಾದರೂ! ಉಕ್ಕಿನ ಪ್ಲೇಟು ಡೊಂಕಾಗಿದೆಯೇ ಎಂದು ನೋಡಲು ಕಿಟಕಿಯ ಗಾಜಿನ ತುಂಡು ಸಾಕು. ಮೇಲಿಟ್ಟು ನೋಡಿ, ಅಡಿಯಲ್ಲಿ ಬೆಳಕು ತೂರಿದರೆ ಡೊಂಕು.

ಡುಕಾಟಿಯ ಕೆಲವು ಬೈಕುಗಳು ನಿಂತಲ್ಲಿ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತೆ ಗಡಗಡಿಸುತ್ತವೆ. ಗೇರ್ ಬಾಕ್ಸ್ ಪುಡಿಯಾಯಿತೆಂದು ಹೆದರಬೇಡಿ. ಎಣ್ಣೆಯಿಲ್ಲದ ಒಣ ಕ್ಲಚ್ಚಿನ ಸದ್ದು ಅದು. ಆ ಸದ್ದನ್ನೇ ಸಂಗೀತವೆಂದು ಪ್ರೀತಿಸುವವರಿದ್ದಾರೆ!

ಗೇರ್ ಹಾಕಿದೊಡನೆ ಇಂಜಿನ್ ಆಫ್! ಮತ್ತೆ ಸ್ಟಾರ್ಟ್, ಮತ್ತೆ ಆಫ್! ಎಂಥ ಭಯಂಕರ ಕಾಯಿಲೆ? ಸೈಡ್ ಸ್ಟ್ಯಾಂಡ್ ಎತ್ತಿಲ್ಲ. ಈಗಿನ ಎಷ್ಟೋ ಗಾಡಿಗಳು ಸ್ಟ್ಯಾಂಡ್ ಕೆಳಗಿದ್ದಾಗ ಗೇರ್ ಹಾಕಿದರೆ ಇಂಜಿನ್ ನಿಲ್ಲಿಸಿಬಿಡುತ್ತವೆ. ಸ್ಟ್ಯಾಂಡಿನ ಸ್ವಿಚ್ಚಿಗೆ ಕೆಸರು ಮೆತ್ತಿದರೆ ಸ್ಟ್ಯಾಂಡ್ ಎತ್ತಿದ ಮೇಲೂ ಅದೇ ಕಥೆ!

ಚೈನ್ ಸಡಿಲವಿದ್ದರೆ ಪ್ರತಿ ಗೇರಿಗೂ ‘ಧಡ್’ ಎಂಬ ಏಟು. ಅತಿ ಬಿಗಿಯಿದ್ದರೆ ಶಾಫ್ಟನ್ನು ಹಿಂದಕ್ಕೆಳೆದು ಗೇರೇ ಬಿಗಿ. ಚೈನ್ ಸರಿಯಿದ್ದೂ ಏಟು ಬರುತ್ತಿದ್ದರೆ ಹಿಂದಿನ ಚಕ್ರದೊಳಗಿನ ರಬ್ಬರುಗಳು ಸವೆದಿರುತ್ತವೆ. ಗೇರ್ ಬಾಕ್ಸಿನ ಕಾಯಿಲೆಗೆ ಮದ್ದು ಹಿಂದಿನ ಚಕ್ರದೊಳಗೆ!

ಗೇರ್ ಹಾಕುವಾಗ ಆಕ್ಸಿಲರೇಟರ್ ಬಿಡದೇ ಹೋದರೆ ಗೇರ್ ಬಿಗಿ ಎನಿಸುತ್ತದೆ. ಪಾರಿವಾಳದ ಬಾಲದ ಗುಬುಟು ನೆನಪಿದೆಯೇ? ಎಳೆತ ಇರುವವರೆಗೂ ಅದು ಬಿಡದು. ದೊಡ್ಡ ಬೈಕುಗಳ ಕ್ವಿಕ್‌ಶಿಫ್ಟರ್ ಇದನ್ನೇ ತಿಳಿದು ಮಾಡಿದ ಜಾಣ. ಲಿವರ್ ಅಲುಗಿದೊಡನೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಇಂಜಿನ್ನಿನ ಬಲವನ್ನು ತಡೆಯುತ್ತದೆ. ಆ ಚಣದಲ್ಲಿ ಗುಬುಟು ಬಿಟ್ಟು, ಹೊಸ ಗೂಡು ಹೊಕ್ಕು ಆಗಿರುತ್ತದೆ. ಕ್ಲಚ್ ಮುಟ್ಟಲೇ ಇಲ್ಲ!

2010ರಲ್ಲಿ ಹೋಂಡಾ ವಿಎಫ್‌ಆರ್ 1200ಎಫ್ ಬೈಕಿನಲ್ಲಿ ಎರಡು ಕ್ಲಚ್ ಇಟ್ಟಿತು. ಒಂದು, ಮೂರು, ಐದಕ್ಕೆ ಒಂದು ಕ್ಲಚ್. ಎರಡು, ನಾಲ್ಕು, ಆರಕ್ಕೆ ಇನ್ನೊಂದು. ನೀವು ಮೂರರಲ್ಲಿ ಓಡುತ್ತಿರುವಾಗಲೇ ಮುಂದಿನ ಗೇರ್ ಒಳಗೆ ಸಿದ್ಧವಾಗಿ ಕಾಯುತ್ತಿರುತ್ತದೆ!

ಕೊನೆಗೂ ಒಳಗೇ ಕೈ ಹಾಕಬೇಕಾಯಿತು ಎನ್ನಿ. ಈಗಿನ ಬಹಳಷ್ಟು ಗಾಡಿಗಳಲ್ಲಿ ಒಂದು ಪುಟ್ಟ ಫೋರ್ಕ್ ತೆಗೆಯಲು ಇಂಜಿನ್ನನ್ನೇ ಕೆಳಗಿಳಿಸಿ, ಎರಡು ಹೋಳು ಮಾಡಬೇಕು. ಹಳೆಯ ಬುಲೆಟ್‌ಗೆ ಆ ಪಾಡಿಲ್ಲ. ಅದರ ಗೇರ್ ಬಾಕ್ಸ್ ಬೇರೆಯದೇ ಪೆಟ್ಟಿಗೆ, ಇಂಜಿನ್ ಇದ್ದಲ್ಲೇ ಇರುತ್ತದೆ. ಇನ್ನು ರೇಸ್ ಬೈಕುಗಳಲ್ಲಿ? ಕ್ಯಾಸೆಟ್ ಗೇರ್ ಬಾಕ್ಸ್! ಪಕ್ಕದ ಮುಚ್ಚಳ ಬಿಚ್ಚಿ ಎಳೆದರೆ ಶಾಫ್ಟು, ಗೇರು, ಫೋರ್ಕು, ಡ್ರಮ್ ಎಲ್ಲ ಒಟ್ಟಿಗೆ, ಮೇಜಿನ ಡ್ರಾಯರ್ ಹೊರಬಂದಂತೆ ಕೈಗೆ ಬರುತ್ತವೆ!